ಅಕ್ಷರದ ಹೊಟ್ಟೆಯೊಳಗೆ ಚಿತ್ರ

ಯುಗಾದಿಯೋ ರಾಜ್ಯೋತ್ಸವವೋ ಬಂತೆಂದರೆ ಸಂಘದ ಕರೆಯೋಲೆಯಲ್ಲಿ ‘ಕನ್ನಡ’ ಎಂಬ ಮೂರಕ್ಷರದ ಹೊಟ್ಟೆಯೊಳಗೆ ಹಂಪಿಯ ಕಲ್ಲಿನ ರಥವೋ ಜೋಗದ ಧಾರೆಯೋ ಕಾಣಿಸಿಕೊಳ್ಳುವುದು ವಾಡಿಕೆ. ಗಣಕಯಂತ್ರ ಬಲ್ಲ ನಮ್ಮ ಯುವಕರಿಗೆ ಇದು ಐದು ನಿಮಿಷದ ಕೆಲಸ. ಥಾಮಸ್ ಮತ್ತು ಜಾನ್ ನೋಲ್ ಎಂಬ ಅಮೆರಿಕದ ಸೋದರರು ರೂಪಿಸಿದ ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂತು. 1994ರ ಮೂರನೆಯ ಆವೃತ್ತಿಯಲ್ಲಿ ಪದರಗಳ ಸೌಲಭ್ಯ ಸೇರಿತು. ಕೆಳಗಿನ ಪದರದಲ್ಲಿ ಅಕ್ಷರ, ಮೇಲಿನ ಪದರದಲ್ಲಿ ಚಿತ್ರ ಇಟ್ಟು ‘ಕ್ಲಿಪ್ಪಿಂಗ್ ಮಾಸ್ಕ್’ ಎಂಬ ಆಜ್ಞೆ ಕೊಟ್ಟರೆ ಅಕ್ಷರ ಇದ್ದಷ್ಟು ಜಾಗದಲ್ಲಿ ಮಾತ್ರ ಚಿತ್ರ ಉಳಿಯುತ್ತದೆ, ಮಿಕ್ಕದ್ದು ಮರೆಯಾಗುತ್ತದೆ. ಯಂತ್ರ ಹೊಸದಾದರೂ ಬುದ್ಧಿ ಹಳೆಯದು. ನಾವು ನೆಲೆಸಿರುವ ಈ ಜಪಾನಿನಲ್ಲೇ ಅಕ್ಷರ ಮತ್ತು ಚಿತ್ರದ ಈ ಸಹವಾಸಕ್ಕೆ ಸಾವಿರ ವರ್ಷ ಮೀರಿದ ಚರಿತ್ರೆಯಿದೆ.

ಮೊದಲು ಟೊಳ್ಳಕ್ಷರದ ವಿಚಾರ. ನಾಲ್ಕನೆಯ ಶತಮಾನದ ಚೀನಾದಲ್ಲಿ ವಾಂಗ್ ಷಿಜಿ ಎಂಬ ಮಹಾ ಲಿಪಿಕಾರನಿದ್ದ. ಅವನು ಕೈಯಾರೆ ಬರೆದ ಮೂಲಪ್ರತಿ ಇಂದು ಒಂದೂ ಉಳಿದಿಲ್ಲ. ಉಳಿದಿರುವುದು ತಾಂಗ್ ರಾಜರ ಕಾಲದ ನಕಲುಗಳು. ಮೂಲದ ಮೇಲೆ ತೆಳುಕಾಗದವಿಟ್ಟು, ಅಕ್ಷರದ ಎರಡೂ ಅಂಚನ್ನು ಕೂದಲೆಳೆಯ ಕುಂಚದಿಂದ ಗೀಚಿ, ಆಮೇಲೆ ಒಳಗೆ ಮಸಿ ತುಂಬುತ್ತಿದ್ದರು. ‘ಸೋರಾಂಜೋ’ ಎಂಬ ಅಂಥ ಒಂದು ನಕಲು ಜಪಾನಿನ ಅರಮನೆಗೆ ಬಂದು ಸೇರಿತು. ಅದರ ಮೇಲೆ ಎನ್‌ರ್ಯಾಕು ಕಾಲದ (782-806) ಮುದ್ರೆಯಿದೆ. ಒಳಗೆ ಏನನ್ನೂ ತುಂಬದ ಇಂಥ ಅಂಚಿನಕ್ಷರಕ್ಕೆ ಜಪಾನೀಯರು ‘ಕಾಗೋಜಿ’ ಎನ್ನುತ್ತಾರೆ. ಕಾಗೋ ಎಂದರೆ ಬುಟ್ಟಿ. ಬುಟ್ಟಿಗೆ ಏನು ಬೇಕಾದರೂ ತುಂಬಬಹುದು, ಆದರೆ ಹೆಣಿಗೆ ಗಟ್ಟಿಯಾಗಿರಬೇಕು ಅಷ್ಟೆ.

ಇದಕ್ಕೆ ತಿರುವುಮುರುವಾದ ಆಟ ‘ಆಶಿದೆ’. ಇಲ್ಲಿ ಚಿತ್ರದೊಳಗೆ ಅಕ್ಷರ ಅಡಗಿ ಕೂರುತ್ತದೆ. ಕೆರೆಯ ಜೊಂಡು, ಬಂಡೆ, ಹಾರುವ ಹಕ್ಕಿ ಇವೇ ಜಪಾನೀ ಅಕ್ಷರಗಳ ಆಕಾರ ತಾಳುತ್ತವೆ. ಫುಜಿವಾರಾ ನೋ ಕೊರೆಯುಕಿ 1160ರಲ್ಲಿ ಇಂಥ ಚಿತ್ರಗಳ ಮೇಲೆ ಬರೆದ ಕವಿತಾ ಸಂಗ್ರಹದ ಪ್ರತಿಯೊಂದು ಕ್ಯೋಟೋದ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ನಮ್ಮ ಕಾವ್ಯಪರಂಪರೆಯ ಪದ್ಮಬಂಧ, ಚಕ್ರಬಂಧಗಳನ್ನು ಬಲ್ಲ ಹಿರಿಯರಿಗೆ ಇದರ ರುಚಿ ಬೇಗ ಹತ್ತೀತು. ಲಿಪಿ ಬಲ್ಲವನಿಗೆ ಅಲ್ಲಿ ಮಾತು ಕೇಳಿಸುತ್ತದೆ, ಬಾರದವನಿಗೆ ಬರಿಯ ಜೊಂಡು ಕಾಣುತ್ತದೆ.

ಇನ್ನು ವೈದ್ಯರಾದ ನಮಗೆ ಹತ್ತಿರದ ಉದಾಹರಣೆಯೊಂದಿದೆ. ಬಣ್ಣಬಣ್ಣದ ಚುಕ್ಕಿಗಳ ನಡುವೆ ಅಂಕಿಯನ್ನು ಗುರುತಿಸುವ ಕಣ್ಣಿನ ಪರೀಕ್ಷೆ ನಿಮಗೆಲ್ಲ ಗೊತ್ತು. ಸೈನ್ಯದ ವೈದ್ಯರಾಗಿದ್ದು ಮುಂದೆ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದ ಶಿನೋಬು ಇಶಿಹಾರಾ (1879-1963) ಅದನ್ನು 1917ರಲ್ಲಿ ಪ್ರಕಟಿಸಿದರು. ಅಂಕಿಯ ಸುತ್ತ ಗೆರೆಯಿಲ್ಲ. ಚುಕ್ಕಿಗಳ ಗಾತ್ರವೂ ಹೊಳಪೂ ಬೇಕೆಂದೇ ಏರುಪೇರು. ಅಂಚಿನ ಆಸರೆ ತಪ್ಪಿಸಿ, ಬಣ್ಣವೊಂದರಿಂದಲೇ ಓದಬೇಕಾದ ಕಟ್ಟು ಮಾಡಿದ್ದಾರೆ. ಜಪಾನಿನ ಗಂಡಸರಲ್ಲಿ ಸುಮಾರು 20ಕ್ಕೆ ಒಬ್ಬರಿಗೆ ಕೆಂಪು-ಹಸಿರಿನ ಭೇದ ಸರಿಯಾಗಿ ತಿಳಿಯದು. ಹಸಿರು ಕಾಡಿನ ಮೇಲೆ ಕೆಂಪು ಹೂವು ತುಂಬಿದ ಅಕ್ಷರವನ್ನು ಅಂಚುಗೆರೆಯಿಲ್ಲದೆ ಅಚ್ಚು ಹಾಕಿದರೆ, ಪಾಪ, ಅವರಿಗೆ ನಾವು ಕರೆಯೋಲೆಯ ಬದಲು ಇಶಿಹಾರಾ ಪರೀಕ್ಷೆಯನ್ನೇ ಕಳಿಸಿದಂತೆ!

ಕನ್ನಡದ ಮಟ್ಟಿಗೆ ಇನ್ನೊಂದು ತೊಡಕು ಒತ್ತಕ್ಷರದ್ದು. ‘ಕನ್ನಡ’ ಎಂಬಲ್ಲಿ ನಕಾರದ ಒತ್ತು ಚಿಕ್ಕದು, ಸಾಲಿನ ಕೆಳಗೆ ಇಳಿದಿರುವುದು. ಜೋಗದ ಬಿಳಿ ನೊರೆ ಸರಿಯಾಗಿ ಅಲ್ಲಿಗೇ ಬಂದು ಬಿಳಿ ಕಾಗದದೊಡನೆ ಬೆರೆತರೆ ಓದುವವನಿಗೆ ಸಿಕ್ಕುವುದು ‘ಕನಡ’ ಮಾತ್ರ. ಜೆರಾಕ್ಸ್ ಯಂತ್ರದ ಬಾಯಿಗೆ ಬಿದ್ದ ಮೇಲಂತೂ ಚಿತ್ರದ ಬೂದುಬಣ್ಣವೆಲ್ಲ ಮಸಿಯ ಮುದ್ದೆ. ಆದ್ದರಿಂದ ದಪ್ಪ ಮೈಯ ಅಕ್ಷರ, ಅದರ ಸುತ್ತ ತೆಳುವಾದ ಕಪ್ಪು ಗೆರೆ, ಒಳಗೆ ಸರಳವಾದ ಚಿತ್ರ, ಇವಿಷ್ಟಿದ್ದರೆ ಕ್ಷೇಮ.

ಆದರೆ ಅಂಚು ಗಟ್ಟಿಯಿದ್ದರೂ ಅಕ್ಷರ ಮಾತು ಕಳೆದುಕೊಳ್ಳಬಹುದು. ಇಲ್ಲಿನ ಸ್ಮಶಾನಗಳಲ್ಲಿ ಸಮಾಧಿಯ ಹಿಂದೆ ನಿಲ್ಲಿಸುವ ಉದ್ದನೆಯ ಮರದ ಹಲಗೆಗಳನ್ನು ನೋಡಿದ್ದೀರಷ್ಟೆ. ಅವುಗಳ ಮೇಲಿರುವುದು ಸಿದ್ಧಂ ಲಿಪಿ. ಅದೂ ನಮ್ಮ ಕನ್ನಡ ಲಿಪಿಯೂ ಬ್ರಾಹ್ಮಿಯ ಸಂತಾನ, ಅಂದರೆ ದಾಯಾದಿಗಳು. ಚೀನಾದಲ್ಲಿ ವ್ಯಾಸಂಗ ಮಾಡಿ 806ರಲ್ಲಿ ಮರಳಿದ ಕೂಕಾಯ್ ಎಂಬ ಯತಿ ಈ ಲಿಪಿಯ ವಿದ್ಯೆಗೆ ಇಲ್ಲಿ ಭದ್ರ ಬುನಾದಿ ಹಾಕಿದರು. ಆ ಇ ಉ ಎ ಓ, ಕ ಸ ತ ನ ಎಂದು ನಮ್ಮ ಮಕ್ಕಳು ಜಪಾನೀ ಶಾಲೆಯಲ್ಲಿ ಒಪ್ಪಿಸುವ ವರ್ಣಮಾಲೆಯ ಕ್ರಮಕ್ಕೂ ಸಿದ್ಧಂ ಅಧ್ಯಯನವೇ ಮೂಲ. ಶಿಂಗೋನ್ ಪಂಥದವರು ಕಮಲದ ಮೇಲಿನ ಚಂದ್ರಬಿಂಬದೊಳಗೆ ‘ಅ’ಕಾರ ಬರೆದು ಇಂದಿಗೂ ಧ್ಯಾನ ಮಾಡುತ್ತಾರೆ. ಇಷ್ಟೆಲ್ಲ ಗೌರವವಿದ್ದರೂ ಹಲಗೆಯ ಮುಂದೆ ಕೈಮುಗಿಯುವವರಲ್ಲಿ ಅದನ್ನು ಓದಬಲ್ಲವರು ತೀರ ವಿರಳ. ಅಕ್ಷರ ಅಲ್ಲಿ ಪೂಜೆಯ ಚಿತ್ರವಾಗಿ ನಿಂತಿದೆ.

ಈ ಮಾತು ನಮಗೆ ಏಕೆ ಚುಚ್ಚುತ್ತದೆಂದರೆ, ನಮ್ಮ ಮನೆಗಳಲ್ಲೂ ಅದೇ ಹಾದಿ ತೆರೆದಿದೆ. ಇಲ್ಲಿ ಬೆಳೆಯುವ ಮಗು ಕರೆಯೋಲೆಯಲ್ಲಿನ ಕಲ್ಲಿನ ರಥವನ್ನು ಕೂಡಲೇ ಗುರುತಿಸುತ್ತದೆ. ರಥವನ್ನು ಹೊತ್ತಿರುವ ‘ಕ’ಕಾರ ಅದಕ್ಕೆ ಚೆಂದದ ಚೌಕಟ್ಟು ಮಾತ್ರ. ಗೋಡೆಯ ಮೇಲೆ ಕನ್ನಡ ಉಳಿದು ಕಣ್ಣಿಗೆ ಓದು ಬಾರದೆ ಹೋದರೆ ಎರಡು ತಲೆಮಾರಿನಲ್ಲಿ ನಮ್ಮ ಲಿಪಿಯೂ ಹಲಗೆಯ ಮೇಲಿನ ಸಿದ್ಧಂ ಆದೀತು.

ಆದಕಾರಣ ಸದಸ್ಯ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ. ಮುಂದಿನ ಹಬ್ಬದ ಫಲಕಕ್ಕೆ ಚಿತ್ರ ತುಂಬುವ ಕೆಲಸವನ್ನು ಮಕ್ಕಳಿಗೇ ಬಿಡೋಣ. ದಪ್ಪ ಕಾಗದದ ಮೇಲೆ ಒಂದೊಂದು ಕನ್ನಡ ಅಕ್ಷರದ ಕಾಗೋಜಿ ಬರೆದು ಅವರ ಕೈಗೆ ಕೊಡಿ. ಅಕ್ಷರದ ಹೆಸರು ಹೇಳಿ, ಅದರಿಂದ ಶುರುವಾಗುವ ಒಂದು ಮಾತನ್ನೂ ಹೇಳಿದ ಮೇಲೆ ಬಣ್ಣದ ಪೆಟ್ಟಿಗೆ ಕೊಡಿ. ಒಳಗೆ ಫುಜಿ ಬೆಟ್ಟ ಬರೆಯಲಿ, ಶಿಂಕಾನ್‌ಸೆನ್ ರೈಲು ಬರೆಯಲಿ, ಊರಿನ ಅಜ್ಜಿಮನೆಯ ಮಾವಿನ ಮರ ಬರೆಯಲಿ, ಅದು ಅವರ ಇಷ್ಟ.