ಮಹಾಪಧಮನಿ ಕಮಾನಿನ ಹೈಬ್ರಿಡ್ ಶಸ್ತ್ರಚಿಕಿತ್ಸೆ: ಸ್ಟೆಂಟ್-ಗ್ರಾಫ್ಟ್ ತೊಡಕುಗಳ ಇತಿಹಾಸ

ಹೃದಯದಿಂದ ಹೊರಟ ಮಹಾಪಧಮನಿ ಎದೆಯ ಮೇಲ್ಭಾಗದಲ್ಲಿ ಬಾಗಿ ಬೆನ್ನಿನ ಕಡೆಗೆ ಇಳಿಯುತ್ತದೆ. ಈ ಬಾಗಿದ ಭಾಗವೇ ಕಮಾನು. ಮಿದುಳಿಗೂ ತೋಳುಗಳಿಗೂ ರಕ್ತ ಒಯ್ಯುವ ಮೂರು ದೊಡ್ಡ ಕವಲುಗಳು ಇಲ್ಲಿಂದ ಒಡೆಯುತ್ತವೆ. ಕಮಾನು ಉಬ್ಬಿದಾಗ ಅಥವಾ ಅದರ ಗೋಡೆ ಪದರ ಪದರವಾಗಿ ಸೀಳಿದಾಗ, ಕವಲುಗಳಿಗೆ ಬೈಪಾಸ್ ಮೂಲಕ ಬೇರೆ ದಾರಿ ಮಾಡಿ, ಕಮಾನಿನೊಳಗೆ ಬಟ್ಟೆ ಹೊದಿಸಿದ ಲೋಹಜಾಲರಿಯ ಕೊಳವೆಯನ್ನು, ಅಂದರೆ ಸ್ಟೆಂಟ್-ಗ್ರಾಫ್ಟನ್ನು, ಕೂರಿಸುವುದು ಹೈಬ್ರಿಡ್ ಶಸ್ತ್ರಚಿಕಿತ್ಸೆ.

ಹಿನ್ನೆಲೆ: 1957ರಲ್ಲಿ ಹ್ಯೂಸ್ಟನ್‌ನ ಮೈಕೇಲ್ ಡಿಬೇಕಿ ಮತ್ತು ಸಂಗಡಿಗರು ಕಮಾನನ್ನು ಯಶಸ್ವಿಯಾಗಿ ಬದಲಿಸಿದರು. 1975ರಲ್ಲಿ ರ್‍ಯಾಂಡಲ್ ಗ್ರೀಪ್, ದೇಹವನ್ನು ಆಳವಾಗಿ ತಂಪುಗೊಳಿಸಿ ರಕ್ತಸಂಚಾರ ನಿಲ್ಲಿಸಿ ಮಾಡುವ ವಿಧಾನವನ್ನು ವರದಿ ಮಾಡಿದರು. 1983ರಲ್ಲಿ ಹ್ಯಾನೋವರ್‌ನ ಹಾನ್ಸ್ ಬೋರ್ಸ್ಟ್ ‘ಆನೆಸೊಂಡಿಲು’ ವಿಧಾನ ತಂದರು: ಕೃತಕ ನಾಳದ ತುದಿಯನ್ನು ಮುಂದಿನ ಶಸ್ತ್ರಚಿಕಿತ್ಸೆಗಾಗಿ ಇಳಿಮುಖ ಮಹಾಪಧಮನಿಯೊಳಗೆ ತೂಗಬಿಡುವುದು. 1987ರಲ್ಲಿ ಖಾರ್ಕಿವ್‌ನ ನಿಕೊಲಾಯ್ ವೊಲೊಡೊಸ್ ಎದೆಯ ಮಹಾಪಧಮನಿಗೆ ನಾಳದೊಳಗಿನಿಂದಲೇ ಸ್ಟೆಂಟ್-ಗ್ರಾಫ್ಟ್ ತೊಡಿಸಿದರು. 1994ರಲ್ಲಿ ಸ್ಟ್ಯಾನ್‌ಫರ್ಡ್‌ನ ಮೈಕೇಲ್ ಡೇಕ್ ತಂಡದ ವರದಿ ಈ ಚಿಕಿತ್ಸೆಯನ್ನು ಜಗತ್ತಿಗೆ ಪರಿಚಯಿಸಿತು. ತೆರೆದ ಶಸ್ತ್ರಚಿಕಿತ್ಸೆಯನ್ನು ತಾಳಲಾರದ ರೋಗಿಗಳಿಗಾಗಿ ಬೈಪಾಸ್ ಮತ್ತು ನಾಳದೊಳಗಿನ ಸ್ಟೆಂಟ್-ಗ್ರಾಫ್ಟ್ ಎಂಬ ಎರಡೂ ದಾರಿಗಳು ಮುಂದೆ ಒಂದಾದವು.

ತೊಡಕುಗಳು: ಮೊದಲು ಗಮನ ಸೆಳೆದದ್ದು ಸೋರಿಕೆ. ಗ್ರಾಫ್ಟ್ ಗೋಡೆಗೆ ಸರಿಯಾಗಿ ಅಂಟದಿದ್ದರೆ ರಕ್ತ ಅದರ ಹೊರಗೆ ನುಗ್ಗಿ ಉಬ್ಬನ್ನು ಬೆಳೆಸುತ್ತದೆ. ಕಮಾನಿನ ಒಳಬಾಗಿನಲ್ಲಿ ಗ್ರಾಫ್ಟಿನ ಅಂಚು ಎದ್ದುನಿಂತರೆ ಅಪಾಯ ಹೆಚ್ಚು. 1996ರಲ್ಲಿ ಸಿಡ್ನಿಯ ಜೆಫ್ರಿ ವೈಟ್ ಈ ಸೋರಿಕೆಯನ್ನು ‘ಎಂಡೋಲೀಕ್’ ಎಂದು ಕರೆದರು.

ಎರಡನೆಯದು ನರಮಂಡಲದ ಹಾನಿ. ಕಮಾನಿನೊಳಗೆ ತಂತಿ, ಕೊಳವೆಗಳು ಸರಿಯುವಾಗ ಕಳಚಿದ ಚೂರು ಮಿದುಳು ಸೇರಿದರೆ ಪಾರ್ಶ್ವವಾಯು. ಬೆನ್ನುಹುರಿಗೆ ರಕ್ತ ಸಾಲದಿದ್ದರೆ ಕಾಲುಗಳ ಸ್ವಾಧೀನ ತಪ್ಪುತ್ತದೆ. ಎದೆಯ ಮಹಾಪಧಮನಿಗೆ ಸ್ಟೆಂಟ್-ಗ್ರಾಫ್ಟ್ ಹಾಕಿಸಿಕೊಂಡ 606 ರೋಗಿಗಳ ಯೂರೋಸ್ಟಾರ್ ಅಧ್ಯಯನ (2007) ಪಾರ್ಶ್ವವಾಯುವನ್ನು ಶೇ. 3.1ರಷ್ಟು, ಕಾಲುಗಳ ಬಲಹೀನತೆಯನ್ನು ಶೇ. 2.5ರಷ್ಟು ಮಂದಿಯಲ್ಲಿ ಕಂಡಿತು. ಎಡತೋಳಿನ ಕವಲನ್ನು ಗ್ರಾಫ್ಟಿನಿಂದ ಮುಚ್ಚುವ ಮುನ್ನ ಅದಕ್ಕೆ ಬೈಪಾಸ್ ಮಾಡುವ ಪದ್ಧತಿಗೆ ಇಂಥ ಅರಿವೇ ಬಲ ಕೊಟ್ಟಿತು.

ಅತ್ಯಂತ ಭೀಕರವಾದದ್ದು ಹಿಮ್ಮುಖ ಸೀಳು. ಗ್ರಾಫ್ಟಿನ ಅಂಚು ಕೊರೆದು ಹುಟ್ಟಿದ ಸೀಳು ಹೃದಯದತ್ತ ಸಾಗುತ್ತದೆ. 2009ರ ಯೂರೋಪಿನ ನೋಂದಣಿ ಅಧ್ಯಯನದಲ್ಲಿ ಇದು ಶೇ. 1.33ರಷ್ಟು ಮಂದಿಗಷ್ಟೇ ಕಂಡುಬಂದರೂ, ಬಂದವರಲ್ಲಿ ಶೇ. 42 ಮಂದಿ ತೀರಿಕೊಂಡರು. ಏರುಮುಖ ಮಹಾಪಧಮನಿ ಈಗಾಗಲೇ ಹಿಗ್ಗಿದ್ದರೆ ಅಪಾಯ ಇನ್ನೂ ಹೆಚ್ಚು. ಗ್ರಾಫ್ಟಿನ ಕೆಳತುದಿಯಲ್ಲಿ ಹೊಸ ಸೀಳು, ಸೋಂಕು, ಅನ್ನನಾಳಕ್ಕೆ ತೂತು ಬೀಳುವುದು ವರ್ಷಗಳ ನಂತರವೂ ಎದುರಾಗಬಹುದು.

ಕೊಡಗಿನಲ್ಲಿ ನಿಗಾ: ತೊಡಕು ತಡವಾಗಿಯೂ ಬರುವುದರಿಂದ ಚಿಕಿತ್ಸೆಯ ಜೊತೆಗೆ ಜೀವನಪರ್ಯಂತದ ನಿಗಾ ಸೇರಿಕೊಂಡಿದೆ: ಮೊದಲ ತಿಂಗಳು ಸಿ.ಟಿ. ಸ್ಕ್ಯಾನ್, ಅನಂತರ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ತಡಿಯಂಡಮೋಳ್ ತಪ್ಪಲಿನ ಕಕ್ಕಬೆಯಂಥ ಊರಿನವರಿಗೆ ಇದು ಸುಲಭವಲ್ಲ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಆದರೆ ಹೃದ್ರೋಗಕ್ಕೆಂದೇ ಮೀಸಲಾದ ಜಯದೇವ ಆಸ್ಪತ್ರೆಗೆ ಹೋಗಲು ಮೈಸೂರಿಗೆ ಇಳಿಯಬೇಕು. ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ಮನೆಯಲ್ಲೇ ತಪ್ಪದೆ ನುಂಗಬಹುದು. ಎದೆ ಅಥವಾ ಬೆನ್ನಿನಲ್ಲಿ ಹಠಾತ್ ನೋವು, ರಕ್ತವಾಂತಿ, ಬಿಡದ ಜ್ವರ, ಕಾಲಿನ ಬಲಹೀನತೆ ಕಂಡರೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಗ್ರಾಫ್ಟಿನ ಅಳತೆ, ಕೂರಿಸಿದ ಜಾಗ ಬರೆದಿರುವ ಕಾಗದ ಜೊತೆಗಿದ್ದರೆ, ಎಲ್ಲಿಯ ವೈದ್ಯರೇ ಆಗಲಿ ತಡವಿಲ್ಲದೆ ಮುಂದಿನ ಹೆಜ್ಜೆ ಇಡಬಲ್ಲರು.