ತೋಟದ ಮೂಲ, ಪೆಟ್ಟಿಗೆಯ ಕಾಗದ

ನಮ್ಮ ಸೀಮೆಯ ಯಾವ ಹಿರಿಯರನ್ನು ಕೇಳಿದರೂ ತಮ್ಮ ತೋಟದ ಕತೆಯನ್ನು ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಆರಂಭಿಸುತ್ತಾರೆ: "ನಮ್ಮವರು ಎಲ್ಲಿಂದಲೋ ಬಂದರು, ಕಾಡು ಕಡಿದರು, ಅಡಿಕೆ ನೆಟ್ಟರು." ಈ ಮಾತು ಸುಳ್ಳೆನ್ನಲಾಗದು. ಆದರೆ ಯಾವ ಹಕ್ಕಿನಿಂದ ನೆಟ್ಟರು, ಯಾರಿಗೆ ಗೇಣಿ ತೆತ್ತರು ಅಥವಾ ಯಾರಿಂದ ಪಡೆದರು, ಗುಡ್ಡೆ ಅಗೆದು ನೀರು ತಂದ ಕೈಗಳು ಯಾರವು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಉತ್ತರದ ಒಂದು ದೊಡ್ಡ ಭಾಗ ಅಟ್ಟದ ಮೇಲಿನ ಮರದ ಪೆಟ್ಟಿಗೆಯಲ್ಲಿ ಹಳೆಯ ಕನ್ನಡ ದಸ್ತಾವೇಜುಗಳ ರೂಪದಲ್ಲಿದೆ.

ಅವು ಕನ್ನಡದಲ್ಲಿರುವುದಕ್ಕೆ ಕಾರಣವುಂಟು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಸೀಮೆ ಕಂಪೆನಿಯ ವಶವಾಯಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾದನು. 1862ರಲ್ಲಿ ಉತ್ತರ ಭಾಗ ಮುಂಬಯಿಗೆ ಸೇರಿತು. ಕಾಸರಗೋಡು ದಕ್ಷಿಣ ಕನ್ನಡದೊಂದಿಗೆ ಮದರಾಸು ಪ್ರಾಂತದಲ್ಲೇ ಉಳಿಯಿತು. 1956ರ ನವೆಂಬರ್ 1ರ ತನಕ ನಮ್ಮ ಪಟೇಲರು, ಶಾನುಭೋಗರು ನಡೆಸಿದ ಲೆಕ್ಕಪತ್ರಗಳ ಭಾಷೆ ಬಹುಮಟ್ಟಿಗೆ ಕನ್ನಡವೇ. ಆದ್ದರಿಂದ ತುಳು, ಮಲಯಾಳ, ಕೊಂಕಣಿ ಮನೆಮಾತಿನವರ ಭೂಮಿಯ ಕಾಗದವೂ ಕನ್ನಡದಲ್ಲಿ ಸಿಗುತ್ತದೆ. ಈ ಪೆಟ್ಟಿಗೆ ಕನ್ನಡಿಗರ ಸ್ವತ್ತು ಮಾತ್ರವಲ್ಲ.

ಆ ಕಾಗದಗಳಲ್ಲಿ ಮೊದಲು ಎದುರಾಗುವ ಶಬ್ದ 'ವರ್ಗ'. ಒಂದು ಹೆಸರಿನಲ್ಲಿ ದಾಖಲಾಗಿ ತೀರ್ವೆ ಕಟ್ಟುವ ಹಿಡುವಳಿಯೇ ವರ್ಗ, ಅದನ್ನು ಹೊಂದಿದವನು ವರ್ಗದಾರ. ಅವನ ಕೆಳಗೆ ಗೇಣಿದಾರರು. ಗೇಣಿಯಲ್ಲೂ ಭೇದವಿತ್ತು. ಮೂಲಗೇಣಿ ಎಂದರೆ ತಲೆಮಾರಿನಿಂದ ತಲೆಮಾರಿಗೆ ನಡೆಯುವ ಹಕ್ಕು, ಗೇಣಿಯ ಮೊತ್ತ ಬದಲಾಗದು. ವಾಯಿದೆಗೇಣಿ ಗೊತ್ತಾದ ಅವಧಿಗೆ. ಚಾಲಗೇಣಿಯವನು ಮಾತ್ರ ವರ್ಷದಿಂದ ವರ್ಷಕ್ಕೆ ಧನಿಗಳ ಮರ್ಜಿ ನೋಡಿ ಬದುಕಬೇಕು. ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ನಾಳೆ ಏಳೆಂದರೆ ಏಳಬೇಕಾದವನು ಯಾವ ಧೈರ್ಯದಿಂದ ಸಸಿ ನೆಡುತ್ತಾನೆ? ಯಾವ ಗೇಣಿಯ ಜಾಗದಲ್ಲಿ ತೋಟ ಎದ್ದಿತು, ಯಾವುದು ಬರೀ ಗದ್ದೆಯಾಗಿಯೇ ಉಳಿಯಿತು ಎಂದು ನೋಡುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನನ್ನ ತಾಯಿಯ ತವರಿನ ಒಂದು ಮೂಲಗೇಣಿ ಚೀಟಿಯಲ್ಲಿ ಅಕ್ಕಿಯ ಮುಡಿಗಳ ಲೆಕ್ಕದ ಕೆಳಗೆ ಬಿಸುವಿನ ಬುಳೆಕಾಣಿಕೆಯ ವಿವರವಿದೆ: ಬಾಳೆಗೊನೆ, ಸೌತೆಕಾಯಿ, ತೆಂಗಿನಕಾಯಿ. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ತೋಡು, ಪಶ್ಚಿಮಕ್ಕೆ ಗುಡ್ಡೆ, ಉತ್ತರಕ್ಕೆ ನಾಗಬನ ಎಂದಿದೆ. ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ನೀರಿನ ಆಸರೆಯ ಪ್ರಕಾರ ಬೇರೆ ಬೇರೆ ಬರೆದಿದ್ದಾರೆ. ಇಂದು ಆ ಬೈಲಿನಲ್ಲಿ ಅಡಿಕೆಯಿದೆ. ಆದರೂ ಮನೆಯವರು ಅದನ್ನು ಈಗಲೂ 'ಬೈಲು' ಎಂದೇ ಕರೆಯುತ್ತಾರೆ. ಹೆಸರಿನಲ್ಲಿ ಗದ್ದೆ ಉಳಿದಿದೆ.

ತೋಟಕ್ಕೆ ತಗಲಿದ ಗುಡ್ಡೆಯ ಚರಿತ್ರೆ 'ಕುಮ್ಕಿ' ಎಂಬ ಶಬ್ದದಲ್ಲಿದೆ. ವರ್ಗಸ್ಥಳದಿಂದ ನೂರು ಗಜದೊಳಗಿನ ಸರಕಾರಿ ಜಾಗದಿಂದ ಸೊಪ್ಪು, ಸೌದೆ, ಹುಲ್ಲು ತೆಗೆಯುವ ಹಕ್ಕು ಅದು. ಸೊಪ್ಪಿಲ್ಲದೆ ಗೊಬ್ಬರವಿಲ್ಲ, ಗೊಬ್ಬರವಿಲ್ಲದೆ ತೋಟವಿಲ್ಲ. ಅದೇ ಗುಡ್ಡೆಯ ಒಡಲಿನಲ್ಲಿ ಸುರಂಗ. ಮುರಕಲ್ಲಿನ ಗುಡ್ಡೆಯನ್ನು ಅಡ್ಡಲಾಗಿ ಕೊರೆದು ಒಳಗಿನ ಒಸರನ್ನು ತೋಟದ ಕೆರೆಗೆ ಇಳಿಸುವ ಈ ವಿದ್ಯೆಗೆ ಬಾಯಾರಿನಂಥ ಊರುಗಳು ಹೆಸರಾಗಿವೆ. ಬಗ್ಗಿ ನಡೆಯುವಷ್ಟೇ ಎತ್ತರದ ಆ ಕತ್ತಲೆಯಲ್ಲಿ ಪಿಕ್ಕಾಸು ಹಿಡಿದು ಅಗೆದವರ ಹೆಸರು ಯಾವ ದಸ್ತಾವೇಜಿನಲ್ಲೂ ನಾನು ಕಂಡದ್ದಿಲ್ಲ. ಭೂಮಿಯೊಂದಿಗೆ ಕಟ್ಟಿಹಾಕಲ್ಪಟ್ಟಿದ್ದ ಮೂಲದಾಳುಗಳ ದುಡಿಮೆಯೂ ಹಾಗೆಯೇ. 1843ರ ಕಾಯಿದೆ ಗುಲಾಮಗಿರಿಯ ಮಾನ್ಯತೆಯನ್ನು ತೆಗೆದುಹಾಕಿತು. ಆದರೆ ಸಾಲ ಮತ್ತು ಹಸಿವಿನ ಕಟ್ಟು ಮುಂದೆಯೂ ಬಹುಕಾಲ ಬಿಚ್ಚಲಿಲ್ಲ.

ವಂಶವೃಕ್ಷ ಬರೆಯುವವರು ಇನ್ನೊಂದು ತೊಡಕನ್ನು ಗಮನಿಸಬೇಕು. ಇಲ್ಲಿ ಎಲ್ಲರ ಆಸ್ತಿಯೂ ಅಪ್ಪನಿಂದ ಮಗನಿಗೆ ಹೋದದ್ದಲ್ಲ. ಅಳಿಯಕಟ್ಟಿನ ಮನೆಗಳಲ್ಲಿ ಅದು ತಾಯಿಯ ಕಡೆಯಿಂದ ಕವರುಗಳಾಗಿ ಇಳಿಯಿತು. ಮರುಮಕ್ಕತ್ತಾಯದ ತರವಾಡುಗಳದ್ದೂ ಅದೇ ದಾರಿ. 1949ರ ಮದರಾಸು ಅಳಿಯಸಂತಾನ ಕಾಯಿದೆ ಪಾಲಿಗೆ ಅವಕಾಶ ಮಾಡಿತು. 1975ರ ಕೇರಳದ ಕಾಯಿದೆ 1976ರ ಡಿಸೆಂಬರ್ 1ರಂದು ಜಾರಿಗೆ ಬಂದು ಅವಿಭಕ್ತ ಕುಟುಂಬ ಪದ್ಧತಿಯನ್ನೇ ಮುಗಿಸಿತು. ಹಾಗಾಗಿ ಅಪ್ಪಂದಿರ ಹೆಸರನ್ನಷ್ಟೇ ಹಿಡಿದು ಹೊರಟರೆ ಎಷ್ಟೋ ತೋಟಗಳ ಮೂಲ ಸಿಗುವುದೇ ಇಲ್ಲ. ಅಜ್ಜಿಯ ಹೆಸರನ್ನು ಹುಡುಕಬೇಕು.

ಅತ್ಯಂತ ದೊಡ್ಡ ತಿರುವು ಬಂದದ್ದು ರಾಜ್ಯ ಬದಲಾದ ಬಳಿಕ. ಕೇರಳದ ಮೊದಲ ಭೂಸುಧಾರಣಾ ಶಾಸನವನ್ನು ಹೊಸದುರ್ಗ, ಕಾಸರಗೋಡು ತಾಲೂಕುಗಳ ರೈತವಾರಿ ಭೂಮಿಗಳ ಮಟ್ಟಿಗೆ ಸುಪ್ರೀಂ ಕೋರ್ಟು 1961ರ ಡಿಸೆಂಬರ್ 5ರಂದು ಅಸಿಂಧುಗೊಳಿಸಿತು. ಚಹಾ, ಕಾಫಿ, ರಬ್ಬರು ತೋಟಗಳಿಗೆ ಕೊಟ್ಟ ವಿನಾಯಿತಿಯನ್ನು ಅಡಿಕೆ, ಕರಿಮೆಣಸಿನ ತೋಟಗಳಿಗೆ ಕೊಡದಿದ್ದುದು ತಾರತಮ್ಯವೆಂಬುದು ಅದರ ಕಾರಣಗಳಲ್ಲೊಂದು. ಆದರೆ 1963ರ ಕಾಯಿದೆ 1969ರಲ್ಲಿ ತಿದ್ದುಪಡಿಯಾಗಿ, 1970ರ ಜನವರಿ 1ರಿಂದ ಗೇಣಿಪದ್ಧತಿ ಕೊನೆಗೊಂಡಿತು. ಉತ್ತವರು ಲ್ಯಾಂಡ್ ಟ್ರಿಬ್ಯೂನಲಿನ ಮೂಲಕ ಭೂಮಿಯ ಒಡೆಯರಾದರು.

ನಮ್ಮಲ್ಲಿ ಇದನ್ನು ಕೆಲವರು ಕಳೆದುಕೊಂಡ ಕತೆಯಾಗಿ, ಕೆಲವರು ಪಡೆದುಕೊಂಡ ಕತೆಯಾಗಿ ಹೇಳುತ್ತಾರೆ. ಹಲವು ಮನೆಗಳಿಗೆ ಇದು ಎರಡೂ ಹೌದು. ಒಂದು ಕಡೆ ವರ್ಗದಾರರಾಗಿದ್ದವರು ಇನ್ನೊಂದು ಕಡೆ ಗೇಣಿದಾರರಾಗಿದ್ದರು. ಎರಡು ಕತೆಗಳೂ ಒಂದೇ ಚೀಟಿಯಲ್ಲಿ ಅಕ್ಕಪಕ್ಕ ರುಜುವಾಗಿ, ಹೆಬ್ಬೆಟ್ಟಾಗಿ ಕುಳಿತಿವೆ. ಒಂದೇ ತೋಟ ಎರಡು ಮೂರು ಕುಟುಂಬಗಳ ಮೂಲವಾಗಿರಬಹುದು. ಆ ಚೀಟಿಯನ್ನು ಓದುವವರು ಇದನ್ನು ಒಪ್ಪಿಕೊಳ್ಳದೆ ಮುಂದೆ ಹೋಗಲಾಗದು.

ಆದರೆ ಓದುವವರು ಯಾರು? ಇಂದು ವಿಲ್ಲೇಜ್ ಆಫೀಸಿನಲ್ಲಿ ನಡೆಯುವುದು ಆಧಾರಂ, ಪೋಕುವರವುಗಳ ಭಾಷೆ. ಬೇರೆ ಮಾಧ್ಯಮದಲ್ಲಿ ಕಲಿತ ನಮ್ಮ ಮಕ್ಕಳಿಗೆ ಅಜ್ಜನ ಮೋಡಿಯಂಥ ಕೂಡಕ್ಷರವಿರಲಿ, ಅಚ್ಚಿನ ಕನ್ನಡವೂ ಕಷ್ಟವಾಗುತ್ತಿದೆ. 2022ರ ನವೆಂಬರಿನಲ್ಲಿ ಕೇರಳದಲ್ಲಿ ಡಿಜಿಟಲ್ ಮರುಸರ್ವೆ ಆರಂಭವಾಯಿತು. ಯಂತ್ರ ಗಡಿಯನ್ನು ನಿಖರವಾಗಿ ಅಳೆಯಬಲ್ಲದು. ಆ ಗಡಿ ಅಲ್ಲಿಗೇ ಏಕೆ ಬಂತೆಂದು ಹೇಳಲಾರದು. ಹೊಸ ದಾಖಲೆ ಬಂತಲ್ಲ ಎಂದು ಹಳೆಯದನ್ನು ಒರಲೆಗೆ ಬಿಟ್ಟವರೂ ಇದ್ದಾರೆ.

ಆದುದರಿಂದ ಮನೆಯಲ್ಲಿ ಓದಬಲ್ಲ ಹಿರಿಯರಿರುವಾಗಲೇ ಆ ಪೆಟ್ಟಿಗೆಯನ್ನು ಕೆಳಗಿಳಿಸಿರಿ. ಪ್ರತಿಯೊಂದು ಕಾಗದದ ಭಾವಚಿತ್ರ ತೆಗೆದು, ಹಿರಿಯರು ಗಟ್ಟಿಯಾಗಿ ಓದಿದ್ದನ್ನು ಹೊಸ ಪುಸ್ತಕದಲ್ಲಿ ಬರೆದಿಡಿರಿ. ಗದ್ದೆಗಳ ಹೆಸರು, ಸುರಂಗ ಅಗೆದವರ ನೆನಪು, ಜಾಗದ ದೈವಗಳ ಹೆಸರು ಅದರ ಜೊತೆಗಿರಲಿ. ಕಾಗದದಲ್ಲಿ ನೆರೆಮನೆಯವರ ಹಿರಿಯರ ಹೆಸರು ಕಂಡರೆ ಅವರನ್ನೂ ಕರೆಯಿರಿ. ಅಗತ್ಯವಿದ್ದರೆ ಮಲಯಾಳದಲ್ಲಿ ಓದಿ ಹೇಳಿರಿ. ಅದು ಅವರ ಚರಿತ್ರೆಯೂ ಹೌದು.