ಲೆಸ್‌ಗೆ ಹೋದರೆ ಕೆಂಪು ಯಾಕೆ ಮಾಯವಾಗುತ್ತೆ?

ಮನೆ ದಿವಾದಲ್ಲಿ, ಆಫೀಸು ಐರೋಲಿಯಲ್ಲಿ, ಮಧ್ಯೆ ಠಾಣೆಯಲ್ಲಿ ಲೋಕಲ್ ಬದಲಿಸೋದು. ನಿಮ್ಮಲ್ಲಿ ಸುಮಾರು ಜನರ ದಿನವೂ ಇದೇ ಇರಬೇಕು.

ಒಂದು ರಾತ್ರಿ ಮನೆಯಿಂದಲೇ ಡಿಪ್ಲಾಯ್ ಮಾಡ್ತಿದ್ದೆ. ನಮ್ಮ ಸ್ಕ್ರಿಪ್ಟು ಫೇಲಾದ ಸಾಲನ್ನು ಕೆಂಪಾಗಿ ತೋರಿಸುತ್ತೆ. ಕಣ್ಣು ಅದಕ್ಕೇ ಪಳಗಿತ್ತು. ಅವತ್ತು ಔಟ್‌ಪುಟ್ ಉದ್ದ ಅಂತ ಲೆಸ್‌ಗೆ ಪೈಪ್ ಹಾಕಿದೆ. ಕೆಂಪು ಎಲ್ಲೂ ಇಲ್ಲ. 'ಎಲ್ಲ ಸರಿಯಿದೆ' ಅಂತ ಮೆಸೇಜ್ ಹಾಕಿ ಮಲಗಿದೆ. ಬೆಳಗ್ಗೆ ನೋಡಿದರೆ ಮೂರು ಸಾಲು ಫೇಲ್! ಬಣ್ಣ ಕಳಕೊಂಡು ಉಳಿದವುಗಳ ನಡುವೆ ಸುಮ್ಮನೆ ಕೂತಿದ್ದವು. ಬೈಸಿಕೊಂಡೆ, ತಪ್ಪು ನನ್ನದೇ.

ಬಣ್ಣ ಎಲ್ಲಿ ಹೋಯ್ತು ಅಂತ ಹುಡುಕುತ್ತಾ ಹೋದರೆ ನಾಲ್ಕು ದಶಕಕ್ಕೂ ಹೆಚ್ಚು ಹಿಂದೆ ಹೋಗಬೇಕಾಯ್ತು. 1978ರಲ್ಲಿ ಬರ್ಕ್ಲಿಯಲ್ಲಿ ಡೇನಿಯಲ್ ಹಾಲ್‌ಬರ್ಟ್ 'ಮೋರ್' ಬರೆದರು. ಅದೇ ವರ್ಷ ಡಿಇಸಿ ಕಂಪನಿಯ ವಿಟಿ100 ಟರ್ಮಿನಲ್ ಬಂತು. ಎಸ್ಕೇಪ್ ಅಕ್ಷರ, ಒಂದು ಚೌಕ ಆವರಣ, ಸಂಖ್ಯೆ, ಕೊನೆಗೆ ಎಂ: ಈ ಸಂಕೇತ ಬಂದರೆ ಅದು ಅಕ್ಷರ ದಪ್ಪ ಮಾಡುತ್ತೆ, ಕೆಳಗೆ ಗೆರೆ ಎಳೆಯುತ್ತೆ. ಬಣ್ಣ ಮಾತ್ರ ಅದಕ್ಕಿರಲಿಲ್ಲ. ಬಣ್ಣದ ಟರ್ಮಿನಲ್‌ಗಳೂ ಮುಂದೆ ಇದೇ ಸಂಕೇತ ಹಿಡಿದವು. ಅಲ್ಲಿ 31 ಅಂದರೆ ಕೆಂಪು.

'ಮೋರ್'ನಲ್ಲಿ ಹಿಂದಕ್ಕೆ ಹೋಗೋಕೆ ಆಗ್ತಿರಲಿಲ್ಲ. ಅದಕ್ಕೇ 1983–85ರ ನಡುವೆ ಮಾರ್ಕ್ ನುಡೆಲ್‌ಮನ್ 'ಲೆಸ್' ಬರೆದರು. ಇದಕ್ಕೆ ಅನುಮಾನ ಜಾಸ್ತಿ. ಫೈಲ್ ಒಳಗಿನ ಎಸ್ಕೇಪ್ ಸಂಕೇತ ಪರದೆ ಅಳಿಸಬಹುದು, ಕರ್ಸರ್ ಎಲ್ಲೆಲ್ಲಿಗೋ ಒಯ್ಯಬಹುದು. ಹಾಗಾಗಿ ಲೆಸ್ ಅದನ್ನು ಪಾಲಿಸಲ್ಲ, 'ಇಎಸ್‌ಸಿ[31ಎಂ' ಅಂತ ಕಸದ ಹಾಗೆ ಬರೆದು ತೋರಿಸುತ್ತೆ. ದೊಡ್ಡ ಆರ್ ಕೊಟ್ಟರೆ ಬಣ್ಣದಂಥ ಸಂಕೇತಗಳನ್ನು ಮಾತ್ರ ಹಾಗೇ ಬಿಡುತ್ತೆ. ಚಿಕ್ಕ ಆರ್ ಎಲ್ಲವನ್ನೂ ಬಿಡುತ್ತೆ, ಆಮೇಲೆ ಸಾಲುಗಳ ಲೆಕ್ಕ ತಪ್ಪಿ ಪರದೆ ಚಿಂದಿ. ಅದನ್ನು ಮುಟ್ಟಬೇಡಿ.

ಆದರೆ ನನಗೆ ಆ ಕಸವೂ ಕಾಣಿಸಿರಲಿಲ್ಲವಲ್ಲ? ಅಲ್ಲೇ ಇತ್ತು ವಿಷಯ. ಗ್ರೆಪ್, ಎಲ್‌ಎಸ್ ಥರದವು 'ಆಟೋ'ದಲ್ಲಿದ್ದರೆ ಬಣ್ಣ ಹಾಕೋ ಮುಂಚೆ ಎದುರಿಗೆ ಟರ್ಮಿನಲ್ ಇದೆಯಾ ಅಂತ ಕೇಳ್ತವೆ. ಕೇಳೋ ಫಂಕ್ಷನ್ 'ಈಸ್‌ ಎ ಟಿಟಿವೈ'. ಟಿಟಿವೈ ಅಂದರೆ ಟೆಲಿಟೈಪ್, ಕಾಗದದ ಮೇಲೆ ಟಕಟಕ ಹೊಡೀತಿದ್ದ ಯಂತ್ರ! ಎದುರಿಗೆ ಪೈಪ್ ಇದ್ದರೆ ಬಣ್ಣ ಅಲ್ಲೇ ಬಂದ್. ನಮ್ಮ ಸ್ಕ್ರಿಪ್ಟೂ ಅದನ್ನೇ ಮಾಡಿತ್ತು. ಅಂದರೆ ಕೆಂಪು ಲೆಸ್ ತನಕ ಬಂದೇ ಇರಲಿಲ್ಲ. ಬರೀ ದೊಡ್ಡ ಆರ್ ಕೊಟ್ಟರೂ ಪ್ರಯೋಜನ ಇರ್ತಿರಲಿಲ್ಲ. ಗ್ರೆಪ್‌ಗಾದರೆ 'ಕಲರ್ ಆಲ್ವೇಸ್' ಅಂತಲೂ ಹೇಳಬೇಕು. ಗಿಟ್‌ನಲ್ಲಿ ಈ ರಗಳೆ ಇಲ್ಲ, ಲೆಸ್‌ಗೆ ಬೇಕಾದ್ದನ್ನು ತಾನೇ ಹೇಳಿ ಕಳಿಸುತ್ತೆ.

ಸ್ಕ್ರಿಪ್ಟಿಗೂ ಅಂಥದ್ದೊಂದು ಆಯ್ಕೆ ಸೇರಿಸಿದ್ದೀನಿ. ಆದರೂ ಈಗ ಲೆಸ್ ಒಳಗೆ ಸ್ಲ್ಯಾಶ್ ಒತ್ತಿ 'ಫೇಲ್' ಅಂತ ಒಮ್ಮೆ ಹುಡುಕಿಯೇ ಮಲಗೋದು.